ಜಾವಗಲ್ ಸೀಮೆಯ ಹೂವಿಲ್ಲದ ಹಸಿರು: ಬೀಜಾಣುಗಳ ಹಾರಾಟ, ನೀರಿನ ಹಂಗು

ಹೂ ಬಿಡದೆ, ಕಾಯಿ ಕಟ್ಟದೆ, ಬೀಜವನ್ನೂ ಮಾಡದೆ ವಂಶ ಬೆಳೆಸುವ ಸಸ್ಯಗಳು ನೆಲದ ಮೇಲೆ ಇಂದಿಗೂ ಸಾವಿರಾರು ಬಗೆಯಲ್ಲಿ ಬದುಕಿವೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಮಕಮಲ್ಲಿನಂತೆ ಹಬ್ಬುವ ಹಾವಸೆ, ಗದ್ದೆಯ ಬದುವಿನ ತೇವದ ಮಣ್ಣಿಗೆ ಚಪ್ಪಟೆಯಾಗಿ ಅಂಟಿಕೊಳ್ಳುವ ರಿಕ್ಸಿಯಾ, ಬಾವಿಯ ಕಲ್ಲುಸಂದಿಯಿಂದ ಗರಿಯಂತೆ ಇಳಿಬೀಳುವ ಜರಿಗಿಡ, ಇವೆಲ್ಲ ಆ ಬಳಗಕ್ಕೆ ಸೇರಿದವು. ಜಗತ್ತಿನಲ್ಲಿ ಜರಿಗಿಡಗಳ ಪ್ರಭೇದಗಳೇ 10,000ಕ್ಕೂ ಹೆಚ್ಚು. ಹಾವಸೆಗಳದು ಸುಮಾರು 12,000. ಬೀಜದ ಬದಲಿಗೆ ಇವು ಗಾಳಿಗೆ ಬಿಡುವುದು ಒಂದೇ ಜೀವಕೋಶದ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಕಣಗಳನ್ನು. ಆ ಕಣಕ್ಕೆ ಬೀಜಾಣು ಎಂದು ಹೆಸರು. ಬೀಜದೊಳಗೆ ಮುಂದಿನ ಗಿಡದ ಭ್ರೂಣ ಆಗಲೇ ರೂಪುಗೊಂಡಿರುತ್ತದೆ, ಅದು ಬೇರೂರುವ ತನಕ ಉಣ್ಣಲು ಬುತ್ತಿಯೂ ಜೊತೆಗಿರುತ್ತದೆ. ಬೀಜಾಣುವಿನೊಳಗೆ ಭ್ರೂಣವಿಲ್ಲ, ಬುತ್ತಿಯೂ ಅತ್ಯಲ್ಪ. ಇಷ್ಟು ಬರಿಗೈಯ ಕಣವೊಂದು ನಾಲ್ವತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ನೆಲದ ಸಸ್ಯಗಳ ವಂಶವನ್ನು ಹೊತ್ತು ತಂದಿದೆ ಎಂಬುದು ಸಸ್ಯಶಾಸ್ತ್ರದ ಅತ್ಯಂತ ಗಂಭೀರವಾದ ಸಂಗತಿಗಳಲ್ಲಿ ಒಂದು.

ಇಂಥ ಸಸ್ಯಗಳ ಸಂತಾನಕ್ರಮವನ್ನು ವಿವರಿಸುವವರು ಸಾಮಾನ್ಯವಾಗಿ ಪಶ್ಚಿಮಘಟ್ಟದ ಮಳೆಕಾಡುಗಳನ್ನು ಉದಾಹರಣೆಗೆ ಆರಿಸಿಕೊಳ್ಳುತ್ತಾರೆ. ಇಲ್ಲಿ ಬೇಕೆಂದೇ ಬಯಲುಸೀಮೆಯ ಅಂಚಿನ ಜಾವಗಲ್ಲನ್ನು ಆರಿಸಿಕೊಳ್ಳಲಾಗಿದೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಈ ಊರು ತೆಂಗು, ರಾಗಿ, ಕೆರೆಗಳ ಸೀಮೆ. ವರ್ಷದ ಮಳೆ 700 ಮಿಲಿಮೀಟರಿನ ಆಸುಪಾಸು, ಅದೂ ಬಹುಪಾಲು ಬೇಸಗೆಯ ಕೊನೆಯ ಗುಡುಗುಮಳೆಯಲ್ಲಿ ಮತ್ತು ಉತ್ತರೆ, ಹಸ್ತೆ, ಚಿತ್ತೆಗಳ ದಿನಗಳಲ್ಲಿ. ಇಲ್ಲಿಂದ ಹಳೇಬೀಡು, ಬೇಲೂರುಗಳನ್ನು ದಾಟಿ ಸಕಲೇಶಪುರಕ್ಕೆ ಹೋಗುವ ಹೊತ್ತಿಗೆ ಮಳೆ 2000 ಮಿಲಿಮೀಟರನ್ನು ಮೀರುತ್ತದೆ; ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಒಣನೆಲದಿಂದ ಮಲೆನಾಡಿಗೆ ಹಾದಿ ಮುಗಿಯುತ್ತದೆ. ನೀರು ಸಮೃದ್ಧವಾಗಿರುವ ಕಡೆ ಬೀಜಾಣುಸಸ್ಯದ ಕಷ್ಟ ಕಣ್ಣಿಗೆ ಬೀಳುವುದಿಲ್ಲ. ನೀರು ಎಣಿಸಿ ದೊರೆಯುವ ಕಡೆ ಅದರ ಬಾಳಿನ ಪ್ರತಿಯೊಂದು ಹಂತವೂ ಬಿಡಿಬಿಡಿಯಾಗಿ ಕಾಣುತ್ತದೆ. ಆ ಬಾಳಿನ ತಿರುಳು ಒಂದು ಇಕ್ಕಟ್ಟು: ಬೀಜಾಣು ಹಾರಬೇಕಾದರೆ ಗಾಳಿ ಒಣಗಿರಬೇಕು, ಅದರಿಂದ ಹುಟ್ಟಿದ್ದು ಕೂಡಬೇಕಾದರೆ ನೆಲ ಒದ್ದೆಯಾಗಿರಬೇಕು. ಒಂದೇ ವಂಶಕ್ಕೆ ಎರಡೂ ಬೇಕು, ಎರಡೂ ಸರಿಯಾದ ಹೊತ್ತಿಗೆ ಬೇಕು.

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 13ನೆಯ ಶತಮಾನದ ನಡುಭಾಗದ ಹೊಯ್ಸಳ ಕಟ್ಟಡ. ಶಿಲ್ಪಿ ಮಲ್ಲಿತಮ್ಮನ ಕೈಕೆಲಸ ಅದರಲ್ಲಿದೆ. ಅದನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಈ ಕಲ್ಲಿಗೆ 250 ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸು. ಅದು ರೂಪುಗೊಂಡ ಕಾಲದಲ್ಲಿ ನೆಲದ ಮೇಲೆ ಒಂದು ಹಸಿರೆಲೆಯೂ ಇರಲಿಲ್ಲ. ಇಂತಹ ದೇವಾಲಯದ ಹೊರಗೋಡೆಯನ್ನು ಮಳೆಗಾಲ ಕಳೆದ ಮೇಲೆ ಹತ್ತಿರದಿಂದ ನೋಡಿದರೆ, ನಯವಾಗಿ ಕಡೆದ ಮೈಮೇಲೆ ಹಸಿರು ಕಡಿಮೆ, ಕಲ್ಲುಕಲ್ಲು ಕೂಡುವ ಸಂದಿಗಳಲ್ಲಿ, ಕಪೋತದ ಮೇಲ್ಭಾಗದಲ್ಲಿ, ಶಿಲ್ಪಗಳ ಹಿಂಬದಿಯ ನೆರಳಿನಲ್ಲಿ ಹೆಚ್ಚು ಎಂಬುದು ತಿಳಿಯುತ್ತದೆ. ನೀರನ್ನು ಬೇಗ ಹೀರದ ಕಲ್ಲು ಬೇಗ ಒಣಗುತ್ತದೆ. ಧೂಳು ನಿಂತ ಕಡೆ ನೀರೂ ನಿಲ್ಲುತ್ತದೆ, ನೀರು ನಿಂತ ಕಡೆ ಹಾವಸೆ ಹಿಡಿಯುತ್ತದೆ. ಕಲ್ಲಿನ ಮೇಲೆ ಬಿಳಿ, ಬೂದು, ಕಿತ್ತಳೆ ಬಣ್ಣದ ಕಲೆಗಳಂತೆ ಹರಡುವುದು ಮಾತ್ರ ಹಾವಸೆಯಲ್ಲ. ಅದು ಕಲ್ಲುಹೂವು, ಶಿಲೀಂಧ್ರ ಮತ್ತು ಪಾಚಿಗಳ ಕೂಡುಬಾಳು. ಅಡುಗೆಮನೆಯ ಮಸಾಲೆಯ ಕಲ್ಲುಹೂವು ಇದರ ನಂಟೇ. ಅಣಬೆಯೂ ಕಾಫಿಯ ಎಲೆತುಕ್ಕೂ ಬೀಜಾಣುವಿನಿಂದಲೇ ಹರಡುತ್ತವೆ, ಆದರೆ ಅವು ಶಿಲೀಂಧ್ರಗಳು, ಸಸ್ಯಗಳಲ್ಲ. ಅವುಗಳ ಕಥೆ ಬೇರೆ.

ಬೀಜಾಣು ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಲು ಜರಿಗಿಡದ ಎಲೆಯೊಂದನ್ನು ಮಗುಚಿದರೆ ಸಾಕು. ಎಳೆಯದಿರುವಾಗ ಈ ಎಲೆ ಹೊಯ್ಸಳ ಪಟ್ಟಿಕೆಯ ಬಳ್ಳಿಸುರುಳಿಯಂತೆ ತುದಿಯಿಂದ ಒಳಮುಖವಾಗಿ ಸುತ್ತಿಕೊಂಡಿರುತ್ತದೆ. ಕೊಡಗಿನಲ್ಲಿ ಮಳೆಗಾಲಕ್ಕೆ ತೆರ್ಮೆ ತೊಪ್ಪು ಎಂದು ಪಲ್ಯ ಮಾಡುವುದು ಇಂಥ ಸುರುಳಿಚಿಗುರುಗಳನ್ನೇ. ಬಲಿತು ಬಿಚ್ಚಿಕೊಂಡ ಎಲೆಯ ಅಡಿಯಲ್ಲಿ, ನರಗಳ ಗುಂಟವೋ ಅಂಚಿನ ಗುಂಟವೋ, ಕಂದು ಬಣ್ಣದ ಚುಕ್ಕೆಗಳೋ ಗೀರುಗಳೋ ಮೂಡುತ್ತವೆ. ಕೀಟ ಬಿದ್ದಿದೆ ಎಂದು ತಿಳಿದು ಮನೆಯ ಕುಂಡದ ಜರಿಗಿಡಕ್ಕೆ ಔಷಧಿ ಹೊಡೆಯುವವರಿದ್ದಾರೆ. ಆ ಚುಕ್ಕೆಗಳೇ ಗಿಡದ ಸಂತಾನದ ನೆಲೆ. ಒಂದೊಂದು ಚುಕ್ಕೆಯೂ ಹಲವು ಪುಟ್ಟ ಚೀಲಗಳ ರಾಶಿ. ಈ ಚೀಲಕ್ಕೆ ಬೀಜಾಣುಧಾನಿ ಎಂದು ಹೆಸರು. ಅದರೊಳಗೆ 16 ತಾಯಿಕೋಶಗಳು ಒಂದೊಂದೂ ನಾಲ್ಕಾಗಿ ಒಡೆದು ಸಾಮಾನ್ಯವಾಗಿ 64 ಬೀಜಾಣುಗಳಾಗುತ್ತವೆ. ಈ ಒಡೆಯುವಿಕೆಯಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕೆ ಇಳಿಯುವುದರಿಂದ ಇದನ್ನು ಕ್ಷೀಣವಿಭಜನೆ ಎನ್ನುತ್ತಾರೆ. ಗಿಡದಲ್ಲಿ ವರ್ಣತಂತುಗಳು ಜೋಡಿಜೋಡಿಯಾಗಿದ್ದರೆ ಬೀಜಾಣುವಿನಲ್ಲಿ ಒಂಟಿಯಾಗಿ ಉಳಿಯುತ್ತವೆ.

ಚೀಲದ ಬೆನ್ನಿನ ಮೇಲೆ, ಹೆಲ್ಮೆಟ್ಟಿನ ಏಣಿನಂತೆ, 12–13 ಜೀವಕೋಶಗಳ ಒಂದು ಸಾಲು ಬಾಗಿಕೊಂಡಿರುತ್ತದೆ. ಈ ಕೋಶಗಳ ಒಳಗೋಡೆ ಮತ್ತು ಪಕ್ಕದ ಗೋಡೆ ದಪ್ಪ, ಹೊರಗೋಡೆ ತೆಳು. ಬಿಸಿಲು ಏರಿ ಗಾಳಿ ಒಣಗಿದಾಗ ಕೋಶಗಳೊಳಗಿನ ನೀರು ತೆಳುಗೋಡೆಯ ಮೂಲಕ ಆವಿಯಾಗುತ್ತ ಹೋಗುತ್ತದೆ. ಉಳಿದ ನೀರು ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಎಲ್ಲ ಕೋಶಗಳೂ ಹೀಗೆ ಸೆಳೆದುಕೊಂಡಾಗ ಬಾಗಿದ ಸಾಲು ನೆಟ್ಟಗಾಗಿ, ಇನ್ನೂ ಹಿಂದಕ್ಕೆ ಬಾಗಿ, ಚೀಲವನ್ನು ಬಾಯ್ದೆರೆಸುತ್ತದೆ. ಸೂಕ್ಷ್ಮದರ್ಶಕದ ದೀಪದ ಬಿಸಿಗೇ ಇದು ಕಣ್ಣೆದುರು ನಡೆಯುತ್ತದೆ: ನಿಧಾನವಾಗಿ, ಬಿಲ್ಲನ್ನು ಹೆದೆಯೇರಿಸಿ ಎಳೆಯುವಂತೆ, ಬೀಜಾಣುಗಳನ್ನು ತುದಿಯಲ್ಲಿ ಹಿಡಿದ ಚೀಲದ ಅರ್ಧ ಹಿಂದಕ್ಕೆ ಸರಿಯುತ್ತದೆ. ನೀರಿನ ಎಳೆತ ಇನ್ನು ತಾಳಲಾರದ ಹಂತಕ್ಕೆ ಬಂದಾಗ ಕೋಶಗಳೊಳಗೆ ಒಮ್ಮೆಲೇ ಆವಿಯ ಗುಳ್ಳೆಗಳು ಮೂಡುತ್ತವೆ, ಹಿಡಿತ ಕಳಚುತ್ತದೆ, ಸಾಲು ಮೊದಲಿನ ಕಡೆಗೆ ಚಿಮ್ಮುತ್ತದೆ, ಬೀಜಾಣುಗಳು ಕವಣೆಯಿಂದ ಹೊರಟ ಕಲ್ಲುಗಳಂತೆ ಎಸೆಯಲ್ಪಡುತ್ತವೆ. ಫ್ರಾನ್ಸಿನ ನೀಸ್ ನಗರದ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾಗಳಿಂದ ಇದನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಹೊರಡುವ ಕ್ಷಣದಲ್ಲಿ ಬೀಜಾಣುವಿನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಮನುಷ್ಯ ಮಾಡಿದ ಕವಣೆಗೆ ತೋಳು ಎಲ್ಲಿ ನಿಲ್ಲಬೇಕೆಂದು ಅಡ್ಡಪಟ್ಟಿ ಬೇಕು. ಇಲ್ಲಿ ಕೋಶಗೋಡೆಗಳ ನಡುವೆ ಹರಿಯುವ ನೀರಿನ ತಡೆಯೇ ಆ ಕೆಲಸ ಮಾಡಿ ತೋಳನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುತ್ತದೆ. ಇಷ್ಟೆಲ್ಲ ವೇಗವಿದ್ದರೂ ಗಾಳಿಯ ತಡೆಯಿಂದ ಬೀಜಾಣು ದಾಟುವುದು ಅತ್ಯಲ್ಪ ದೂರ. ಆದರೆ ಎಲೆಯ ಮೈಗೆ ಅಂಟಿದ ನಿಶ್ಚಲ ಗಾಳಿಯ ಪದರದಿಂದ ಹೊರಬೀಳಲು ಅಷ್ಟೇ ಸಾಕು. ಮುಂದಿನದನ್ನು ಬೀಸುಗಾಳಿ ನೋಡಿಕೊಳ್ಳುತ್ತದೆ.

ಸಂಖ್ಯೆಯ ಲೆಕ್ಕವನ್ನೂ ಒಮ್ಮೆ ಹಾಕಬಹುದು. ಒಂದು ಚುಕ್ಕೆಯಲ್ಲಿ 50 ಧಾನಿಗಳು, ಒಂದು ಎಲೆಯಲ್ಲಿ 1000 ಚುಕ್ಕೆಗಳು ಎಂದು ಹಿಡಿದರೆ ಒಂದೇ ಎಲೆಯಿಂದ 32 ಲಕ್ಷ ಬೀಜಾಣುಗಳು ಹೊರಡುತ್ತವೆ. ಅವುಗಳಲ್ಲಿ ಒಂದು ಗಿಡವಾದರೂ ತಾಯಿಗೆ ಬದಲು ಮತ್ತೊಂದು ನಿಂತಂತಾಯಿತು. ಹೀಗೆ ಸುರಿದ ಬೀಜಾಣುವಿನ ಹೊರಕವಚ ಸಸ್ಯಲೋಕದ ಅತಿ ಗಟ್ಟಿ ವಸ್ತುಗಳಲ್ಲಿ ಒಂದಾದ ಸ್ಪೋರೋಪೊಲೆನಿನ್ನಿನಿಂದ ಆದದ್ದು. ಬಿಸಿಲು, ಒಣಹವೆ, ಆಮ್ಲಗಳನ್ನು ಅದು ತಡೆದು ನಿಲ್ಲುತ್ತದೆ. ಕೋಟ್ಯಂತರ ವರ್ಷಗಳ ಹಿಂದಿನ ಬೀಜಾಣುಗಳು ಕಲ್ಲಿನ ಪದರಗಳಲ್ಲಿ ಇಂದಿಗೂ ಗುರುತು ಹಿಡಿಯುವಂತೆ ಉಳಿದಿರುವುದು ಆ ಕವಚದ ದೆಸೆಯಿಂದ.

ಬಿದ್ದ ಬೀಜಾಣುವಿಗೆ ತೇವವೂ ಬೆಳಕೂ ದೊರೆತರೆ ಅದು ಮೊಳೆಯುತ್ತದೆ. ಆದರೆ ಮೊಳೆತು ಬರುವುದು ಜರಿಗಿಡವಲ್ಲ. ಬೇರೊಂದು ಸಸ್ಯ ಹುಟ್ಟುತ್ತದೆ: ಬೆರಳುಗುರಿಗಿಂತಲೂ ಚಿಕ್ಕದು, ಹೃದಯದ ಆಕಾರದ್ದು, ಒಂದೇ ಕೋಶದಷ್ಟು ತೆಳ್ಳಗಿನ ಅಂಚುಳ್ಳದ್ದು, ಕಾಂಡವಿಲ್ಲದ್ದು, ನಿಜವಾದ ಬೇರೂ ಇಲ್ಲದ್ದು. ಇದನ್ನು ಪ್ರೊಥ್ಯಾಲಸ್ ಎನ್ನುತ್ತಾರೆ. ಹಳೆಯ ಕಲ್ಲುಕಟ್ಟಡದ ಬಾವಿಯ ಮೆಟ್ಟಿಲಿಳಿದು, ಸದಾ ಜಿನುಗುವ ಸಂದಿಯ ಹತ್ತಿರ ಕೈದೀಪ ಹಿಡಿದರೆ, ಕಲ್ಲಿಗೆ ಹಸಿರು ಬಿಲ್ಲೆಗಳನ್ನು ಅಂಟಿಸಿದಂತೆ ಇವು ಕಾಣುತ್ತವೆ. ಗಿಡದ ಭಾಗವೆಂದು ಯಾರೂ ಊಹಿಸಲಾರರು, ಪಾಚಿಯೆಂದು ಉಜ್ಜಿ ತೆಗೆಯುವವರೇ ಹೆಚ್ಚು. ಇದರ ತಳಮೈಯಲ್ಲಿ ಗಂಡು ಲಿಂಗಾಣುಗಳನ್ನು ಮಾಡುವ ಪುಂಧಾನಿಗಳೂ, ಕತ್ತು ಚಾಚಿದ ಹೂಜಿಯಂತಿರುವ ಅಂಡಧಾನಿಗಳೂ ಹುಟ್ಟುತ್ತವೆ. ಅಂಡವೂ ಗಂಡು ಲಿಂಗಾಣುವೂ ಕೂಡಿದ ಮೇಲೆ ಅಲ್ಲಿಂದ ಏಳುವುದು ಮತ್ತೆ ಗರಿಯೆಲೆಯ ಜರಿಗಿಡ. ಬೀಜಾಣು ಕೊಡುವ ಪೀಳಿಗೆಯೊಂದು, ಲಿಂಗಾಣು ಕೊಡುವ ಪೀಳಿಗೆಯೊಂದು, ಅದಾದ ಮೇಲೆ ಇದು, ಇದಾದ ಮೇಲೆ ಅದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಪೀಳಿಗೆಗಳ ಪರ್ಯಾಯ ಎಂದು ಹೆಸರು. ಪೋಲೆಂಡಿನ ಲೆಶ್ಚಿಟ್ಸ್ ಸುಮಿನ್‌ಸ್ಕಿ 1848ರಲ್ಲಿ ಪ್ರೊಥ್ಯಾಲಸ್ಸಿನ ಮೇಲಿನ ಅಂಡಧಾನಿಯನ್ನು ಗುರುತಿಸಿದ. ಮೂರು ವರ್ಷಗಳ ಅನಂತರ, 1851ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಹಾವಸೆಯಿಂದ ಹಿಡಿದು ಸೂಚಿಪರ್ಣ ಮರಗಳವರೆಗೆ ಇದೇ ಸರದಿ ನಡೆದು ಬಂದಿದೆ ಎಂದು ತೋರಿಸಿದ. ಹಾಫ್‌ಮೈಸ್ಟರನಿಗೆ ಆಗ 27 ವರ್ಷ. ವಿಶ್ವವಿದ್ಯಾಲಯದ ಪದವಿಯಿಲ್ಲದೆ, ಲೈಪ್‌ಜಿಗ್‌ನಲ್ಲಿ ಮನೆತನದ ಸಂಗೀತಪುಸ್ತಕದ ವ್ಯಾಪಾರ ನೋಡಿಕೊಳ್ಳುತ್ತ, ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವನು ಈ ಕೆಲಸ ಮಾಡಿದ. ಡಾರ್ವಿನ್ನನ ಗ್ರಂಥ ಬರುವುದಕ್ಕೆ ಎಂಟು ವರ್ಷ ಮೊದಲೇ ಸಸ್ಯಗಳ ರಕ್ತಸಂಬಂಧಕ್ಕೆ ಸಿಕ್ಕ ಅತಿ ಬಲವಾದ ಪುರಾವೆ ಇದು.

ಇನ್ನು ನೀರಿನ ಮಾತು. ಜರಿಗಿಡದ ಗಂಡು ಲಿಂಗಾಣು ಈಜುವ ಜೀವಿ: ತಿರುಪಿನಂತೆ ಸುರುಳಿಯಾದ ಮೈ, ಮೈಮೇಲೆ ಹತ್ತಾರು ಚಾವಟಿಕೂದಲು. ಪುಂಧಾನಿ ಒಡೆಯುವುದೇ ನೀರು ತಾಗಿದಾಗ. ಅಂಡಧಾನಿಯ ಕತ್ತು ತೆರೆಯುವುದೂ ಆಗಲೇ. ಕತ್ತಿನಿಂದ ಹೊರಗೆ ಸೋರುವ ಲೋಳೆಯ ಜಾಡು ಹಿಡಿದು ಲಿಂಗಾಣು ಒಳಗೆ ಈಜುತ್ತದೆ. ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿಟ್ಟರೆ ಈ ಲಿಂಗಾಣುಗಳು ಅದರೊಳಕ್ಕೆ ಮುಗಿಬೀಳುತ್ತವೆ ಎಂದು ವಿಲ್ಹೆಲ್ಮ್ ಫೆಫರ್ 1884ರಲ್ಲಿ ತೋರಿಸಿಕೊಟ್ಟ. ಈಜಬೇಕಾದ ದೂರ ಬಹಳವಿಲ್ಲ, ಬೇಕಾದ ನೀರು ಒಂದು ಹನಿ. ಆದರೆ ಆ ಹನಿ ಒಣಗದೆ ನಿಲ್ಲಬೇಕು, ಒಂದು ಪ್ರೊಥ್ಯಾಲಸ್ಸಿನಿಂದ ಇನ್ನೊಂದಕ್ಕೆ ಸೇತುವೆಯಾಗಬೇಕು. ನೆರೆಯಲ್ಲಿ ಮತ್ತೊಂದು ಇಲ್ಲದಿದ್ದರೆ ಹಲವು ಜರಿಗಳಲ್ಲಿ ಒಂದೇ ಪ್ರೊಥ್ಯಾಲಸ್ಸಿನ ಗಂಡು ಲಿಂಗಾಣು ಅದೇ ಪ್ರೊಥ್ಯಾಲಸ್ಸಿನ ಅಂಡವನ್ನು ಕೂಡಬಲ್ಲದು. ದೂರದಿಂದ ಬಂದ ಒಂದೇ ಒಂದು ಬೀಜಾಣು ಹೊಸ ಊರಿನಲ್ಲಿ ಸಂಸಾರ ಹೂಡಲು ಇದರಿಂದ ಸಾಧ್ಯ. ಗುಂಪಾಗಿ ಬೆಳೆದಾಗ ಮಾತ್ರ ಬೇರೆ ಏರ್ಪಾಡು ಇದೆ. ಮೊದಲು ಬಲಿತ ಪ್ರೊಥ್ಯಾಲಸ್ ಒಂದು ರಾಸಾಯನಿಕವನ್ನು ಸುತ್ತಲಿನ ತೇವಕ್ಕೆ ಬಿಡುತ್ತದೆ, ಅದರ ಪ್ರಭಾವಕ್ಕೆ ಒಳಗಾದ ಎಳೆಯವು ಗಂಡಾಗಿ ಬೆಳೆಯುತ್ತವೆ, ಹಿರಿಯದು ಅಂಡ ಕೊಡುತ್ತದೆ; ಹೀಗೆ ಬೇರೆ ಬೇರೆ ತಾಯಿಗಳ ಮಕ್ಕಳು ಕೂಡುವ ಅವಕಾಶ ಹೆಚ್ಚುತ್ತದೆ. ಈ ರಾಸಾಯನಿಕವನ್ನು ವಾಲ್ಟರ್ ಡಾಪ್ 1950ರಲ್ಲಿ ಗುರುತಿಸಿದ. ಮೊಳೆಯುವ ಧೂಳಿನ ಕಣಗಳ ನಡುವೆಯೂ ಇಂಥದೊಂದು ಮಾತುಕತೆ ನಡೆಯುತ್ತದೆ ಎಂಬುದು ಎಷ್ಟು ಸಲ ನೆನೆದರೂ ಬೆರಗು ಕಡಿಮೆಯಾಗದ ವಿಷಯ.

ಇಷ್ಟನ್ನು ತಿಳಿದ ಮೇಲೆ ಜಾವಗಲ್ ಸೀಮೆಯ ಜರಿಗಳ ವಿಳಾಸ ತಾನಾಗಿ ಅರ್ಥವಾಗುತ್ತದೆ. ಬಯಲಿನಲ್ಲಿ ಹುಡುಕಿದರೆ ಕಾಣದ ಜರಿ ಕಲ್ಲು ಕಟ್ಟಿದ ಬಾವಿಯ ಒಳಗೋಡೆಯಲ್ಲಿ, ಕಲ್ಯಾಣಿಯ ನೆರಳುಬದಿಯ ಮೆಟ್ಟಿಲ ಸಂದಿಯಲ್ಲಿ, ಕೆರೆಯ ತೂಬಿನ ಕಲ್ಲುಗಳಲ್ಲಿ, ಕಾಲುವೆಯ ಮೋರಿಯ ಕೆಳಗೆ ಸಿಗುತ್ತದೆ. ಹಳೇಬೀಡಿನ ಹತ್ತಿರದ ಹುಲಿಕೆರೆಯ ಪುಷ್ಕರಣಿಯಂಥ ಹೊಯ್ಸಳ ಕಾಲದ ಮೆಟ್ಟಿಲುಕೊಳಗಳನ್ನು ಶಿಲ್ಪದ ದೃಷ್ಟಿಯಿಂದ ನೋಡುವುದು ರೂಢಿ. ಸಸ್ಯದ ದೃಷ್ಟಿಯಿಂದ ಅವು ಮಲೆನಾಡಿನ ಚೂರುಗಳು: ನೆಲಮಟ್ಟದಿಂದ ಇಪ್ಪತ್ತು ಮೆಟ್ಟಿಲು ಕೆಳಗೆ ಬಿಸಿಲು ಕಡಿಮೆ, ಗಾಳಿ ಮಂದ, ಕಲ್ಲು ತಂಪು, ತೇವ ತಿಂಗಳುಗಟ್ಟಲೆ. ಸುಣ್ಣದ ಗಾರೆಯ ಹಳೆಯ ಗೋಡೆಗಳನ್ನು ಮೆಚ್ಚುವ ಪ್ಟೆರಿಸ್ ವಿಟ್ಟಾಟಾ ಎಂಬ ಉದ್ದೆಲೆಯ ಜರಿ ಇಂಥ ಕಡೆ ಸಾಮಾನ್ಯ. ನೆಲದೊಳಗಿನ ಆರ್ಸೆನಿಕ್ ವಿಷವನ್ನು ಹೀರಿ ಎಲೆಗಳಲ್ಲಿ ಕೂಡಿಡುವ ಶಕ್ತಿ ಇದಕ್ಕಿರುವುದು 2001ರಲ್ಲಿ ಬೆಳಕಿಗೆ ಬಂತು. ಬಾವಿಗೆ ಯಾರೂ ಜರಿಯನ್ನು ತಂದು ನೆಡಲಿಲ್ಲ. ಬೀಜಾಣು ಬಯಲಿನ ಮೇಲೂ ಬಿದ್ದಿತ್ತು, ಬಾವಿಯೊಳಗೂ ಬಿದ್ದಿತ್ತು. ಹನಿ ನಿಂತದ್ದು ಬಾವಿಯೊಳಗೆ.

ಹಾವಸೆಯಲ್ಲಿ ಪೀಳಿಗೆಗಳ ಪಾತ್ರ ಅದಲುಬದಲು. ಕಣ್ಣಿಗೆ ಕಾಣುವ ಹಸಿರು ಮೆತ್ತೆಯೇ ಅಲ್ಲಿ ಲಿಂಗಾಣು ಕೊಡುವ ಪೀಳಿಗೆ. ಅದರ ನೆತ್ತಿಯ ಮೇಲೆ ಕೂದಲೆಳೆಯಂಥ ತೊಟ್ಟಿನ ತುದಿಯಲ್ಲಿ ಕುಳಿತ ಪುಟ್ಟ ಕುಡಿಕೆಯೇ ಬೀಜಾಣು ಕೊಡುವ ಪೀಳಿಗೆ, ಅದು ಬಾಳೆಲ್ಲ ತಾಯಿಯ ಮೈಯಿಂದಲೇ ನೀರು ಕುಡಿಯುತ್ತದೆ. ಪಠ್ಯಪುಸ್ತಕಗಳಿಂದ ಪರಿಚಿತವಾದ ಫುನೇರಿಯಾದಲ್ಲಿ ಕುಡಿಕೆಯ ಬಾಯಿಗೆ ಎರಡು ಸುತ್ತಿನಲ್ಲಿ 16 ಮತ್ತು 16 ಹಲ್ಲುಗಳಿವೆ. ಗಾಳಿಯ ತೇವ ಏರಿಳಿದಂತೆ ಅವು ಬಾಗುತ್ತ ಬಿಚ್ಚುತ್ತ ಬೀಜಾಣುಗಳನ್ನು ಒಂದೇ ದಿನ ಚೆಲ್ಲದೆ ದಿನದಿನಕ್ಕೆ ಅಳೆದು ಕೊಡುತ್ತವೆ. ದಕ್ಷಿಣ ಭಾರತದ ಹಳೆಯ ಗೋಡೆಗಳ ಮೇಲೆ ಎಲ್ಲೆಲ್ಲೂ ಕಾಣುವ ಹೈಯೋಫಿಲಾ ಎಂಬ ಹಾವಸೆ ಬಿಸಿಲಿಗೆ ಎಲೆಯಂಚನ್ನು ಒಳಕ್ಕೆ ಸುತ್ತಿಕೊಂಡು ಕಪ್ಪಾಗಿ ಸತ್ತಂತಿರುತ್ತದೆ, ನೀರು ಚಿಮುಕಿಸಿದ ಕೆಲವೇ ನಿಮಿಷಗಳಲ್ಲಿ ಹಸಿರಾಗಿ ಅರಳಿಕೊಳ್ಳುತ್ತದೆ. ಶಿವರಾತ್ರಿಯ ಹೊತ್ತಿಗೆ ಕರಿಕಲಾದ ದೇವಾಲಯದ ಜಗತಿ ಭರಣಿಯ ಮೊದಲ ಮಳೆಗೆ ಮರುದಿನವೇ ಹಸಿರಾಗುವ ಗುಟ್ಟು ಇದು. ಅಲ್ಲಿ ಹೊಸದಾಗಿ ಏನೂ ಮೊಳೆತಿರುವುದಿಲ್ಲ, ಇದ್ದದ್ದೇ ಎಚ್ಚತ್ತಿರುತ್ತದೆ. ಹಾವಸೆಯ ಕೂಟಕ್ಕೂ ನೀರೇ ಬೇಕು, ಆದರೆ ಸಣ್ಣ ಸಹಾಯವೊಂದು ಪತ್ತೆಯಾಗಿದೆ. ಹಾವಸೆಯ ನಡುವೆ ಓಡಾಡುವ ಸ್ಪ್ರಿಂಗ್‌ಟೇಲ್ ಹುಳುಗಳೂ ನುಸಿಗಳೂ ಗಂಡು ಲಿಂಗಾಣುಗಳನ್ನು ಮೈಗಂಟಿಸಿಕೊಂಡು ಹೆಣ್ಣಿನ ಬಳಿಗೆ ತಲುಪಿಸುತ್ತವೆ ಎಂದು ಸ್ವೀಡನ್ನಿನ ಸಂಶೋಧಕರು 2006ರಲ್ಲಿ ತೋರಿಸಿದರು. ಹೂವಿಗೆ ದುಂಬಿ ಬರುವುದಕ್ಕೆ ಬಹಳ ಮೊದಲೇ ಇಂಥ ಓಡಾಟ ನಡೆದಿದ್ದರೆ ಅಚ್ಚರಿಯಿಲ್ಲ.

ಬಾವಿಯ ಆಸರೆಯೂ ಇಲ್ಲದೆ ಬಯಲಿನ ಬಂಡೆಯ ಬಿರುಕಿನಲ್ಲೇ ನಿಂತ ಜರಿಗಳ ಬದುಕು ಇನ್ನೂ ಹೆಚ್ಚು ಗಮನಕ್ಕೆ ಅರ್ಹ. ಮಯೂರಶಿಖೆ ಎಂದು ಆಯುರ್ವೇದದವರು ಕರೆಯುವ ಆಕ್ಟಿನಿಯಾಪ್ಟೆರಿಸ್ ಗೇಣುದ್ದವೂ ಇಲ್ಲದ ಗಿಡ. ಎಲೆ ಬೀಸಣಿಗೆಯಂತೆ ಬಿಚ್ಚಿಕೊಂಡು ಎಳೆಯ ತಾಳೆಗರಿಯನ್ನೋ ನವಿಲಿನ ಜುಟ್ಟನ್ನೋ ನೆನಪಿಸುತ್ತದೆ. ಒಣಹವೆಯಲ್ಲಿ ಅದು ಮುದುಡಿ ಗರಿಗರಿಯಾಗುತ್ತದೆ, ಮಳೆಗೆ ಮತ್ತೆ ಜೀವ ತಳೆಯುತ್ತದೆ. ಬೆಳ್ಳಿಜರಿ ಎನ್ನಬಹುದಾದ ಚೀಲಾಂಥಿಸ್ ಎಲೆಯ ತಳಕ್ಕೆ ಬಿಳಿಯ ಹಿಟ್ಟು ಹಚ್ಚಿದಂತಿರುತ್ತದೆ. ಎಲೆಯನ್ನು ಕೈಮೇಲೆ ಒತ್ತಿದರೆ ರಂಗೋಲಿಯ ಅಚ್ಚಿನಂತೆ ಅದರ ಚಿತ್ರ ಮೂಡುವುದನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಇವು ಒಣಗಿ ಬದುಕಬಲ್ಲವು ಸರಿ, ಆದರೆ ಕೂಡುವ ಹನಿ ಎಲ್ಲಿಂದ? ಇಂಥ ನೆಲೆಗಳ ಹಲವು ಜರಿಗಳು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ: ಅವು ಕೂಡುವುದನ್ನೇ ಬಿಟ್ಟಿವೆ. ಅವುಗಳ ಪ್ರೊಥ್ಯಾಲಸ್ಸಿನ ಮೈಯ ಸಾಮಾನ್ಯ ಕೋಶಗಳಿಂದಲೇ, ಅಂಡವೂ ಇಲ್ಲದೆ ಗಂಡು ಲಿಂಗಾಣುವೂ ಇಲ್ಲದೆ, ಹೊಸ ಜರಿಗಿಡ ಚಿಗುರುತ್ತದೆ. ಅಮೆರಿಕದ ವಿಲಿಯಂ ಫಾರ್ಲೋ 1874ರಲ್ಲಿ ಪ್ಟೆರಿಸ್ ಕ್ರೆಟಿಕಾದಲ್ಲಿ ಮೊದಲು ಕಂಡ ಈ ಕ್ರಮವನ್ನು ಅಪೋಗಮಿ, ಎಂದರೆ ಕೂಟರಹಿತ ಜನನ, ಎನ್ನುತ್ತಾರೆ. ಕೂಟವಿಲ್ಲದಿದ್ದರೆ ಪೀಳಿಗೆಯಿಂದ ಪೀಳಿಗೆಗೆ ವರ್ಣತಂತುಗಳು ಅರ್ಧವಾಗುತ್ತಲೇ ಹೋಗಬೇಕಲ್ಲ ಎಂಬ ಸಂದೇಹ ಸಹಜ. ಬೀಜಾಣುಧಾನಿಯೊಳಗೆ ಅದಕ್ಕೂ ಪರಿಹಾರವಿದೆ: ಕೊನೆಯ ಒಡೆತವೊಂದು ಪೂರ್ಣವಾಗದೆ ಉಳಿದು, 16 ತಾಯಿಕೋಶಗಳ ಬದಲು ವರ್ಣತಂತುಗಳು ಇಮ್ಮಡಿಯಾದ 8 ಉಳಿಯುತ್ತವೆ, ಅವು ನಾಲ್ಕುನಾಲ್ಕಾಗಿ ಒಡೆದು 64ರ ಬದಲು 32 ಬೀಜಾಣುಗಳಾಗುತ್ತವೆ. ಆದ್ದರಿಂದ ಧಾನಿಯೊಂದನ್ನು ಬಿಚ್ಚಿ ಬೀಜಾಣುಗಳನ್ನು ಎಣಿಸಿದರೆ ಆ ಗಿಡಕ್ಕೆ ನೀರಿನ ಹಂಗು ಇದೆಯೋ ಇಲ್ಲವೋ ಎಂಬುದರ ಸುಳಿವು ದೊರೆಯುತ್ತದೆ. ಪದವಿ ತರಗತಿಯ ಸೂಕ್ಷ್ಮದರ್ಶಕ, ಒಂದು ಸೂಜಿ, ತಾಳ್ಮೆ, ಇಷ್ಟರಿಂದ ನಡೆಯುವ ಈ ಎಣಿಕೆಯನ್ನು ಅರಸೀಕೆರೆಯ ಹಿರೇಕಲ್ಲು ಗುಡ್ಡದಂಥ ಒಣಬೆಟ್ಟಗಳಲ್ಲಿ ಒಂದೊಂದು ಬಂಡೆಗೂ ಮಾಡಿದರೆ ದೊರೆಯುವ ತಿಳಿವು ದೊಡ್ಡದು. ಕೂಟ ಬಿಟ್ಟದ್ದಕ್ಕೆ ಬೆಲೆಯೂ ಇದೆ, ಮಕ್ಕಳೆಲ್ಲ ಬಹುಮಟ್ಟಿಗೆ ತಾಯಿಯ ನಕಲುಗಳೇ ಆಗುತ್ತವೆ.

ಬೀಜಾಣುವನ್ನೇ ಬದಿಗಿಟ್ಟು ನಡೆದುಕೊಂಡೇ ಹರಡುವ ಜರಿಯೂ ಇದೆ. ಹಂಸಪದಿ ಎಂಬ ಅಡಿಯಾಂಟಮ್ ತನ್ನ ಎಲೆಯ ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ, ಅದರ ಎಲೆ ಇನ್ನೊಂದು ಹೆಜ್ಜೆ ಇಡುತ್ತದೆ. ಕೆರೆಗಳ ಮೇಲೆ ಹಾಸಿನಂತೆ ಮುಚ್ಚಿಕೊಳ್ಳುವ ಸಾಲ್ವೀನಿಯಾ ಮೊಲೆಸ್ಟಾದಲ್ಲಿ ಈ ದಾರಿ ಅತಿರೇಕಕ್ಕೆ ಹೋಗಿದೆ. ಬ್ರೆಜಿಲ್ ಮೂಲದ ಈ ನೀರುಜರಿಯ ಬೀಜಾಣುಗಳು ಬರಡು. ಆದರೂ ತುಂಡುತುಂಡಾಗಿ ಒಡೆದೇ ಅದು ಕೇರಳದ ಹಿನ್ನೀರುಗಳನ್ನು ಆವರಿಸಿತು. 1980ರ ದಶಕದಲ್ಲಿ ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಇದರ ಮೇಲೆ ಸಿರ್ಟೊಬೇಗಸ್ ಎಂಬ ಸಣ್ಣ ಮೂತಿಹುಳುವನ್ನು ಬಿಟ್ಟು ಕಳೆಯನ್ನು ಹತೋಟಿಗೆ ತಂದದ್ದು ಭಾರತದ ಜೈವಿಕ ನಿಯಂತ್ರಣದ ಯಶಸ್ವೀ ಪ್ರಯೋಗಗಳಲ್ಲಿ ಒಂದು.

ಕೆರೆಯಂಗಳದ ಮಾರ್ಸೀಲಿಯಾ ಕಾಯುವ ವಿದ್ಯೆಯನ್ನು ಕಲಿತದ್ದು. ನಾಲ್ಕೆಲೆಯ ಈ ಗಿಡವನ್ನು ಯಾರೂ ಜರಿಯೆಂದು ನಂಬಲಾರರು. ಕೆರೆ ಬತ್ತಿದಾಗ ಅದು ಬುಡದಲ್ಲಿ ಹುರುಳಿಕಾಳಿನಂಥ ಗಟ್ಟಿ ಕಾಯಿಗಳನ್ನು ಕಟ್ಟುತ್ತದೆ. ಒಳಗೆ ಎರಡು ಅಳತೆಯ ಬೀಜಾಣುಗಳು, ಚಿಕ್ಕದರಿಂದ ಗಂಡು ಪೀಳಿಗೆ, ದೊಡ್ಡದರಿಂದ ಹೆಣ್ಣು ಪೀಳಿಗೆ. ಈ ಕಾಯಿಗಳು ಹತ್ತಾರು ವರ್ಷ ಒಣಗಿಯೂ ಜೀವ ಹಿಡಿದಿರಬಲ್ಲವು. ಸಿಪ್ಪೆಗೆ ಗೀರು ಬಿದ್ದು ನೀರು ಒಳಹೊಕ್ಕಾಗ ಲೋಳೆಯ ಎಳೆಯೊಂದು ಹುಳುವಿನಂತೆ ಉಬ್ಬುತ್ತ ಹೊರಕ್ಕೆ ಚಾಚಿಕೊಳ್ಳುತ್ತದೆ, ಅದರ ಇಕ್ಕೆಲಗಳಲ್ಲಿ ಬೀಜಾಣುಗಳ ಚೀಲಗಳು ತೋರಣದಂತೆ ತೂಗುತ್ತವೆ, ಒಂದು ಹಗಲು ಒಂದು ರಾತ್ರಿಯೊಳಗೆ ಮೊಳೆತು ಕೂಡುವ ಕೆಲಸವೂ ಮುಗಿದಿರುತ್ತದೆ. ಬಯಲುಸೀಮೆಯ ಕೆರೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆಂದು ಹೇಳಲಾಗದು. ಈ ಗಿಡದ ಆತುರಕ್ಕೆ ಅಂಥ ಕೆರೆಯೇ ಉತ್ತರ.

ಮಳೆಗಾಲದ ಹುಲ್ಲುಬಯಲಿನಲ್ಲಿ ಕೆಲವೇ ವಾರ ಕಾಣಿಸಿಕೊಳ್ಳುವ ಓಫಿಯೋಗ್ಲಾಸಮ್ ಬಗ್ಗೆ ಒಂದು ಮಾತು ಸಾಕು. ಒಂದೇ ಎಲೆ, ಅದರ ಬುಡದಿಂದ ಎದ್ದ ಒಂದೇ ಬೀಜಾಣುಕದಿರು. ಗ್ರೀಕ್ ಹೆಸರಿನ ಅರ್ಥ ಹಾವಿನ ನಾಲಗೆ. ಇದರ ಲಿಂಗಾಣು ಪೀಳಿಗೆ ಹಸಿರೇ ಇಲ್ಲದೆ, ಶಿಲೀಂಧ್ರದ ನೆರವಿನಿಂದ, ಮಣ್ಣಿನಡಿಯಲ್ಲೇ ಬದುಕುತ್ತದೆ. ಈ ಕುಲದ ರೆಟಿಕ್ಯುಲೇಟಮ್ ಪ್ರಭೇದದಲ್ಲಿ ಸುಮಾರು 1260 ವರ್ಣತಂತುಗಳಿವೆ ಎಂದು ಕೇರಳದ ಅಬ್ರಹಾಂ ಮತ್ತು ನೈನಾನ್ 1954ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು, ಮನುಷ್ಯನಲ್ಲಿರುವುದು 46.

ದೂರದ ಪ್ರಸಾರಕ್ಕೆ ಬಂದರೆ ಬೀಜಾಣುವಿಗೆ ಸಮುದ್ರವೂ ಅಡ್ಡಿಯಲ್ಲ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪದ ಹಸಿರೆಲ್ಲ ಬೂದಿಯಡಿ ಹೂತುಹೋದ ಮೂರು ವರ್ಷಕ್ಕೆ ಅಲ್ಲಿಗೆ ಹೋದ ಸಸ್ಯವಿಜ್ಞಾನಿ ಮೆಲ್ಕಿಯೋರ್ ಟ್ರಾಯ್ಬ್ ಒಳನಾಡಿನ ಬೂದಿಯ ಮೇಲೆ ಕಂಡದ್ದು ಮುಖ್ಯವಾಗಿ ಜರಿಗಿಡಗಳನ್ನು, 11 ಬಗೆಯವನ್ನು. 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರ್‌ಗಳು ಅಳಿದ ಕಾಲದ ಪದರದ ಮೇಲ್ಗಡೆಯೇ ಉತ್ತರ ಅಮೆರಿಕದ ಶಿಲೆಗಳಲ್ಲಿ ಜರಿಬೀಜಾಣುಗಳು ತುಂಬಿಕೊಂಡಿವೆ. ಹೀಗಿರುವಾಗ ಬಾಬಾಬುಡನ್‌ಗಿರಿ, ಕುದುರೆಮುಖದ ಕಣಿವೆಗಳಲ್ಲಿ ಆಳೆತ್ತರ ಮೀರಿ ಬೆಳೆಯುವ ಮರಜರಿಗಳ ಬೀಜಾಣು ಜಾವಗಲ್ಲಿನ ತೆಂಗಿನ ತೋಟಕ್ಕೆ ಬಂದು ಬೀಳಲು ಯಾವ ತೊಡಕೂ ಇಲ್ಲ. ಮುಂಗಾರಿನ ಗಾಳಿ ಬೀಸುವುದೇ ಆ ದಿಕ್ಕಿನಿಂದ ಈ ದಿಕ್ಕಿಗೆ. ಸಸ್ಯಗಳ ನಕ್ಷೆಯನ್ನು ಬಿಡಿಸುತ್ತಿರುವುದು ಗಾಳಿಯಲ್ಲ, ನೆಲದ ತೇವ. 1860ರ ದಶಕದಲ್ಲಿ ದಕ್ಷಿಣ ಭಾರತದ ಜರಿಗಳನ್ನು ಚಿತ್ರಸಹಿತ ದಾಖಲಿಸಿದ ಅರಣ್ಯಾಧಿಕಾರಿ ಬೆಡ್ಡೋಮ್‌ನಿಂದ ಹಿಡಿದು ಈ ವಿಷಯದ ವಿದ್ವಾಂಸರ ಕಣ್ಣು ಹೆಚ್ಚಾಗಿ ಮಲೆಗಳ ಕಡೆಗೇ ಇದ್ದುದು ಸಹಜ. ಆದರೆ ಬಯಲಿನ ಬಾವಿಗಳ ಜರಿಗಳನ್ನು ಎಣಿಸುವ ಕೆಲಸಕ್ಕೆ ಈಗ ಅವಸರವಿದೆ. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿವೆ, ಹಲವನ್ನು ಮುಚ್ಚಿದ್ದಾರೆ, ಉಳಿದ ಕಲ್ಯಾಣಿಗಳಲ್ಲಿ ಕೆಲವಕ್ಕೆ ಜೀರ್ಣೋದ್ಧಾರದ ಹೆಸರಿನಲ್ಲಿ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಲಾಗಿದೆ. ಮುಚ್ಚಿದ ಒಂದೊಂದು ಬಾವಿಯ ಜೊತೆಗೂ ನೂರಾರು ವರ್ಷ ತೇವ ಹಿಡಿದು ನಿಂತ ಒಂದು ನೆಲೆ ಹೋಗುತ್ತದೆ, ಅದನ್ನು ಮತ್ತೆ ಕಟ್ಟಲಾಗದು.

ದೇವಾಲಯದ ಗೋಡೆಯ ವಿಷಯದಲ್ಲಿ ಮಾತ್ರ ಹಸಿರಿನ ಪಕ್ಷ ವಹಿಸುವುದು ಸರಿಯಲ್ಲ. ಹಾವಸೆ ಹಿಡಿದಿಟ್ಟ ಧೂಳಿನಲ್ಲಿ ಜರಿ ಬೇರೂರುತ್ತದೆ, ಜರಿ ಕೂಡಿಸಿದ ಮಣ್ಣಿನಲ್ಲಿ ಹಕ್ಕಿ ಹಾಕಿದ ಅರಳಿಯ ಬೀಜ ಮೊಳೆಯುತ್ತದೆ, ಅರಳಿಯ ಬೇರು ಕಲ್ಲನ್ನೇ ಸರಿಸುತ್ತದೆ. ಗೋಡೆಯ ಹಸಿರನ್ನು ತೆಗೆಯಲೇಬೇಕು, ಆದರೆ ತಂತಿಬ್ರಷ್ಷಿನಿಂದಲೂ ಆಮ್ಲದಿಂದಲೂ ಬೇಡ, ಬಳಪದ ಕಲ್ಲಿನ ನಯ ಅದರೊಂದಿಗೆ ಹೋಗುತ್ತದೆ, ಒರಟಾದ ಮೈಮೇಲೆ ಮುಂದಿನ ಮಳೆಗೆ ಹಾವಸೆ ಇನ್ನೂ ದಟ್ಟವಾಗಿ ಬರುತ್ತದೆ. ಚಾವಣಿಯ ನೀರು ಸೋರದಂತೆ ಮಾಡಿ, ಕಲ್ಲುಸಂದಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಕಾಲಕಾಲಕ್ಕೆ ತೆಗೆದರೆ, ಬೀಜಾಣು ಬಂದು ಬಿದ್ದರೂ ಕೂಡಲು ಹನಿಯಿಲ್ಲದೆ ಉಳಿಯುತ್ತದೆ.

ಬೀಜಾಣುಗಳು ಮಣ್ಣಿನಡಿ ಸೇರಿದರೆ ಬೆಳಕಿಲ್ಲದ ಕಾರಣ ಬಹುಪಾಲು ಮೊಳೆಯುವುದಿಲ್ಲ, ಹಾಗೆಂದು ಬೇಗ ಸಾಯುವುದೂ ಇಲ್ಲ. ಮಣ್ಣಿನಲ್ಲಿ ಅವುಗಳ ಕಣಜವೇ ಇರುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಗಾಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ, ತೆಂಗಿನ ತೋಟಗಳಿಗೆ ಹೊಡೆಯುವ ಪದ್ಧತಿ ಅರಸೀಕೆರೆ ಸೀಮೆಯಲ್ಲಿ ಹಳೆಯದು. ಆ ಕೆರೆಗೋಡಿನ ಜೊತೆಯಲ್ಲಿ ಮಾರ್ಸೀಲಿಯಾದ ಹುರುಳಿಕಾಳಿನಂಥ ಕಾಯಿಗಳೂ, ರಿಕ್ಸಿಯಾದ ಕರಿಯ ಬೀಜಾಣುಗಳೂ, ಯಾವುದೋ ತೂಬಿನ ಕಲ್ಲಿನಿಂದ ಉದುರಿದ ಜರಿಯ ಬೀಜಾಣುಗಳೂ ಲೆಕ್ಕವಿಲ್ಲದಷ್ಟು ಬರುತ್ತವೆ. ಮರದ ಬುಡಕ್ಕೆ ಹರಡಿದ ಆ ಮಣ್ಣಿನ ಒಂದು ಬೊಗಸೆಯನ್ನು ಮಡಕೆಯ ಬಿಲ್ಲೆಯ ಮೇಲೆ ಹಾಕಿ, ಗಾಜಿನ ಲೋಟ ಬೋರಲು ಮುಚ್ಚಿ, ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ, ಕೆಲವು ವಾರಗಳಲ್ಲಿ ಅದರ ಮೇಲೆ ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದಾದ ಹೃದಯಾಕಾರದ ಹಸಿರು ಬಿಲ್ಲೆಗಳು ಕಾಣಿಸಿಕೊಳ್ಳಬಹುದು. ಕೂಡಿದ್ದರೆ, ಆ ಬಿಲ್ಲೆಯ ಕಚ್ಚಿನ ಕೆಳಗಿನಿಂದ ಮೊದಲ ಎಲೆ ಮೇಲಕ್ಕೆ ಬಾಗಿ ಏಳುತ್ತದೆ.